ಲೆಕ್ಕ ಕೇಳಿದರೆ ಶಾಪ ತಟ್ಟುತ್ತಾ?

"ದೇವರ ಸೇವಕರ ಬಗ್ಗೆ ಮಾತಾಡಿದರೆ ಪಾಪ ಬರುತ್ತಾ ಮೇಡಂ?" ಬಾಗಲಕೋಟೆಯ ನವನಗರದಲ್ಲಿ ನಾನು ಆಪ್ತಸಲಹೆಗೆ ಕೂತಾಗಿನಿಂದ ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇದೆ. ಚರ್ಚಿನವರಾದರೆ ಪಾಸ್ಟರನ್ನು ಅಯ್ಯನವರು ಅಂತಾರೆ, ಮಠದ ಭಕ್ತರಾದರೆ ಸ್ವಾಮೀಜಿಯನ್ನು ಅಜ್ಜಾರು ಅಂತಾರೆ. ಅಂಜಿಕೆ ಮಾತ್ರ ಒಂದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿರುವವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಬಂದವರು ನಿವೃತ್ತ ಹೆಡ್‌ಮಾಸ್ತರು. ಪ್ರಾಟೆಸ್ಟೆಂಟ್ ಸಭೆಯೊಂದರ, ಅಂದರೆ ಚರ್ಚೊಂದರ, ಸದಸ್ಯರು, ಕಮಿಟಿಯಲ್ಲೂ ಇದ್ದರು. ರಾತ್ರಿ ನಿದ್ದೆ ಇಲ್ಲ ಅನ್ನೋದು ಅವರ ದೂರು. ಮಲಗುವ ಮುಂಚೆ ಕ್ಷಮೆ ಬೇಡಿ ಪ್ರಾರ್ಥನೆ ಮಾಡುತ್ತಿದ್ದರು. ಮನಸ್ಸಿಟ್ಟು ಮಾಡಲಿಲ್ಲ ಅನ್ನಿಸಿ ಮತ್ತೆ ಎದ್ದು ಮಾಡುತ್ತಿದ್ದರು. ಒಮ್ಮೊಮ್ಮೆ ಬೆಳಗಾಗುತ್ತಿತ್ತು.

ಕಾರಣ ಒಂದು ಪ್ರಶ್ನೆ. ಅವರ ಸಭೆಯ ಸುಗ್ಗಿ ಹಬ್ಬದಲ್ಲಿ ಜನ ಜೋಳ, ಕಾಯಿಪಲ್ಲೆ, ಕೋಳಿ ಏನೇನೋ ತಂದು ಕೊಡುತ್ತಾರೆ. ಆರಾಧನೆ ಮುಗಿದ ಮೇಲೆ ಲಿಲಾವು. ಒಂದೇ ಕುಂಬಳಕಾಯಿ ಎರಡು ಮೂರು ಸಲ ಮಾರಾಟವಾಗುತ್ತದೆ. ಕೊಂಡವರು ಅದನ್ನು ವಾಪಸ್ ಸಭೆಗೇ ಕೊಡುತ್ತಾರೆ, ಮತ್ತೆ ಕೂಗುತ್ತಾರೆ. ಖುಷಿಯ ಗದ್ದಲ ಅದು. ರೊಕ್ಕ ಯಾರ ಕೈಗೆ ಎಷ್ಟು ಬಂತು ಅಂತ ಆ ಗದ್ದಲದಲ್ಲಿ ಯಾರೂ ಬರೆದುಕೊಂಡಿರಲಿಲ್ಲ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಮಾಸ್ತರು ಕೇಳಿದರು: "ಲಿಲಾವಿನ ರೊಕ್ಕ ಒಟ್ಟು ಎಷ್ಟಾತ್ರಿ?" ಅಷ್ಟೇ.

ಆ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಮಾಡಿದ ಪ್ರಸಂಗ, ಅಂದರೆ ಪ್ರವಚನ, ಕೋರಹನ ಕಥೆ. ಬೈಬಲಿನ ಅರಣ್ಯಕಾಂಡ 16ನೇ ಅಧ್ಯಾಯ. ಇಸ್ರೇಲರ ನಾಯಕ ಮೋಶೆಗೆ ತಿರುಗಿ ಬಿದ್ದ ಕೋರಹನನ್ನೂ ಅವನ ಕಡೆಯವರನ್ನೂ ಭೂಮಿ ಬಾಯಿ ತೆರೆದು ನುಂಗಿತು ಅನ್ನೋ ಭಾಗ. ಪಾಸ್ಟರ್ ಯಾರ ಹೆಸರನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಬೆಂಚುಗಳಲ್ಲಿದ್ದವರೆಲ್ಲ ಮಾಸ್ತರ ಕಡೆ ತಿರುಗಿ ನೋಡಿದರಂತೆ. ಅದಾದ ಕೆಲವೇ ವಾರಕ್ಕೆ ಅವರ ಹೆಂಡತಿಯ ಕಾಲಿನ ಗಾಯ ಕೆಟ್ಟಿತು. ಆಸ್ಪತ್ರೆಗೆ ನೋಡಲು ಬಂದ ಒಬ್ಬರು, "ಅಭಿಷಿಕ್ತರನ್ನ ಮುಟ್ಟಬಾರದಿತ್ತು" ಅಂದು ಹೋದರು. ಅಭಿಷಿಕ್ತರು ಅಂದರೆ ದೇವರು ನೇಮಿಸಿದ ಸೇವಕರು, ಇಲ್ಲಿ ಪಾಸ್ಟರ್. ನಿದ್ದೆ ಹೋಗಿದ್ದು ಆವಾಗಿನಿಂದ.

ಮೊದಮೊದಲ ಭೇಟಿಗಳಲ್ಲಿ ನಿದ್ದೆಯ ಮಾತೇ ಜಾಸ್ತಿ. ಅವರ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಅಲ್ಲಿಯ ಮನೋವೈದ್ಯರಿಗೆ ತೋರಿಸಿ ಅಂತ ಕಳಿಸಿದೆ. ಒಂದೇ ಪ್ರಾರ್ಥನೆಯನ್ನು ಸರಿಯಾಗಲಿಲ್ಲ ಅಂತ ಮತ್ತೆ ಮತ್ತೆ ಮಾಡುವುದು ಭಕ್ತಿ ಹೆಚ್ಚಾಗಿದ್ದರ ಗುರುತಲ್ಲ. ಆತಂಕದ ಕಾಯಿಲೆ ಭಕ್ತಿಯ ಬಟ್ಟೆ ಹಾಕಿಕೊಂಡು ಬರುವುದು ಹೀಗೇ. ಇದನ್ನು ಅವರಿಗೂ ಹೇಳಿದೆ. ತಲೆ ಆಡಿಸಿದರು. ನಂಬಲಿಲ್ಲ.

ವಿಷಯ ತಿರುಗಿದ್ದು ಹೆಂಡತಿಯೂ ಜೊತೆಗೆ ಬಂದ ದಿನ. ಕಾಲಿಗೆ ಪಟ್ಟಿ ಕಟ್ಟಿತ್ತು, ಕೋಲು ಹಿಡಿದು ಬಂದರು. ನಾನು ಮೊದಲು ಕೇಳಿದ್ದು ಅವರನ್ನೇ. ಸಕ್ಕರೆ ಕಾಯಿಲೆ ಯಾವಾಗಿನಿಂದ? "ಸಣ್ಣ ಮಗನ ಲಗ್ನಕ್ಕಿಂತ ಮೊದಲಿಂದರಿ." ಪ್ರಶ್ನೆ ಕೇಳಿದ್ದು ಯಾವಾಗ? ಮಾಸ್ತರು ಸುಮ್ಮನಾದರು. ಮಗನ ಲಗ್ನವಾಗಿ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ! ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ನರಗಳಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ. ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಡಾಕ್ಟರು ಇದನ್ನೇ ಹೇಳಿದ್ದರು. ಆದರೆ ಆಸ್ಪತ್ರೆಗೆ ಬಂದು ಹೋದವರ ಒಂದು ಮಾತಿನ ಮುಂದೆ ಡಾಕ್ಟರ ಮಾತು ನಿಂತಿರಲಿಲ್ಲ.

ಆಮೇಲೆ ಮಾಸ್ತರನ್ನು ಕೇಳಿದೆ: "ನೀವು ಹೆಡ್‌ಮಾಸ್ತರಾಗಿದ್ದಾಗ ಬಿಸಿಯೂಟದ ಅಕ್ಕಿ, ಬ್ಯಾಳಿ ಲೆಕ್ಕ ಕೇಳೋಕೆ ಯಾರಾದರೂ ಬರ್ತಿದ್ರಾ?"

"ಬರ್ತಿದ್ರು. ಶಾಲಾ ಕಮಿಟಿ ಎಸ್‌ಡಿಎಂಸಿಯವರು, ಆಫೀಸಿನವರು."

"ಅವರು ನಿಮ್ಮ ವಿರುದ್ಧ ದಂಗೆ ಎದ್ದಿದ್ರಾ?"

ನಕ್ಕರು. ನನ್ನ ಮುಂದೆ ಅವರು ನಕ್ಕಿದ್ದು ಅದೇ ಮೊದಲು. "ಸಿಟ್ಟಂತೂ ಬರ್ತಿತ್ರಿ ಮೇಡಂ. ಆದ್ರ ಲೆಕ್ಕಾ ಕೊಟ್ಟೇನಿ."

ಆಗ ಹೆಂಡತಿ ಬಾಯಿ ಹಾಕಿದರು. ಆ ಮಾತನ್ನು ಅವರದೇ ಧಾಟಿಯಲ್ಲಿ ಬರೆಯುತ್ತೇನೆ: "ಅದೇ ಅಧ್ಯಾಯದಾಗ ಮೋಶೆ ಏನಂತಾನ ಓದ್ರಿಲ್ಲೇನು? ಇವರ ಹತ್ರ ಒಂದು ಕತ್ತೆ ಸುದ್ದಾ ತಗೊಂಡಿಲ್ಲಪಾ ಅಂತ ದೇವರ ಮುಂದ ಹೇಳ್ತಾನ. ಮೋಶೆನೇ ಹೇಳ್ಯಾನಂದ್ರ ನಮ್ಮ ಅಯ್ಯನವರು ಯಾಕ ಹೇಳವಲ್ರು?"

ಮಾಸ್ತರು ಕೈಚೀಲದಿಂದ ಬೈಬಲ್ ತೆಗೆದರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದರು. ಇತ್ತು, 15ನೇ ವಚನ. ಭೂಮಿ ಬಾಯಿ ತೆರೆಯುವುದಕ್ಕಿಂತ ಎಷ್ಟೋ ಮೊದಲೇ. ಇನ್ನೊಂದೂ ಅವರ ಕಣ್ಣಿಗೆ ಬಿತ್ತು. ಕೋರಹನ ಮೇಲೆ ಮೋಶೆ ಹೊರಿಸಿದ್ದು ಯಾಜಕನ ಪದವಿಗೇ ಕೈ ಹಾಕಿದ ಅಂತ. ಅವನು ಲೆಕ್ಕ ಕೇಳಿದ್ದಲ್ಲ. "ನಾನೇನ್ ಅಯ್ಯನವರ ಕುರ್ಚಿ ಕೇಳಿಲ್ಲಲ್ಲ" ಅಂದರು, ನನಗಲ್ಲ, ಹೆಂಡತಿಗೆ.

ನಾನು ಕ್ರೈಸ್ತಳಲ್ಲ. ಬೈಬಲ್ ಅರ್ಥ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಯಾವ ಪುಸ್ತಕದಿಂದ ಅಂಜಿಕೆ ಹೊಕ್ಕಿದೆಯೋ ಅದನ್ನು ಮುಚ್ಚಿಟ್ಟು ಸಲಹೆ ಕೊಟ್ಟರೆ ಸಲಹೆ ಮನೆ ಮುಟ್ಟುವುದಿಲ್ಲ. ಆ ದಿನ ಅವರಿಬ್ಬರೇ ಪುಟ ತಿರುವಿದರು, ನಾನು ಕೇಳುತ್ತಾ ಕೂತೆ. ಸಭಾನಾಯಕರ ಮಾತು ಕೇಳಿರಿ ಅನ್ನುವ ಇಬ್ರಿಯರಿಗೆ ಪತ್ರಿಕೆಯ 13:17 ಸಿಕ್ಕಿತು. ಅದೇ ವಚನದಲ್ಲಿ ಆ ನಾಯಕರೂ ಲೆಕ್ಕ ಒಪ್ಪಿಸಬೇಕಾದವರು ಅಂತಿದೆ. ಅಂತಿಯೋಕ್ಯದಲ್ಲಿ ಯೇಸುವಿನ ಪ್ರಮುಖ ಶಿಷ್ಯ ಪೇತ್ರನ ತಪ್ಪನ್ನು ಪೌಲ ಮುಖಾಮುಖಿ ಹೇಳಿದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಎರಡು ಮೂರು ಸಾಕ್ಷಿ ಇಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಅನ್ನೋದು ಒಂದನೇ ತಿಮೊಥೆಯದಲ್ಲಿ. ಈ ಕೊನೆಯದು ಮಾಸ್ತರಿಗೆ ಹಿಡಿಸಲಿಲ್ಲ. ನನಗೆ ಹಿಡಿಸಿತು.

ಯಾಕೆಂದರೆ ಆ ಹೊತ್ತಿಗೆ ಅವರು ಇನ್ನೊಂದು ತುದಿಗೆ ಹೊರಟಿದ್ದರು. "ರೊಕ್ಕಾ ತಿಂದಾರಂತ ಗ್ರೂಪಿನಾಗ ಹಾಕೇಬಿಡ್ತೇನಿ" ಅಂದರು. ತಿಂದಿದ್ದು ನಿಮಗೆ ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಾಟ್ಸಾಪಿಗೆ ಹಾಕುವುದಕ್ಕೂ, ಪೀಠದಿಂದ ಹೆಸರು ಹೇಳದೆ ಚುಚ್ಚುವುದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕಡಿಮೆ ಸಂಬಳಕ್ಕೆ ದುಡಿದು ಗಾಳಿಮಾತಿಗೆ ಸಿಕ್ಕಿ ಒದ್ದಾಡುವ ಪಾಸ್ಟರುಗಳೂ ನನ್ನ ಹತ್ತಿರ ಬಂದಿದ್ದಾರೆ.

ನಾನು ಕೊಟ್ಟ ಸಲಹೆ ಇಷ್ಟು. ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ಆರೋಪ ಬೇಡ, ಊಹೆ ಬೇಡ. ಕಮಿಟಿಯ ಇನ್ನಿಬ್ಬರು ಸಹಿ ಹಾಕಲಿ, ಕಾರ್ಯದರ್ಶಿಗೆ ಕೊಟ್ಟು ಪೋಚ್, ಅಂದರೆ ಕಾಗದ ಮುಟ್ಟಿದ್ದಕ್ಕೆ ಸ್ವೀಕೃತಿ, ಪಡೆಯಿರಿ. ನಿಮ್ಮ ಸಭೆ ಸಂಘವಾಗಿ ನೋಂದಣಿ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸಬೇಕು, ಅದನ್ನೂ ನೆನಪಿಸಿ. ಉತ್ತರ ಬರುವವರೆಗೆ ಆರಾಧನೆಗೆ ಹೋಗುವುದನ್ನು ಬಿಡಬೇಡಿ. ನಿಮ್ಮ ಜಾಗದಲ್ಲೇ ಕೂರಿ.

ಈ ಕೊನೆಯ ಮಾತಿಗೆ ನನ್ನ ಗೆಳತಿಯೊಬ್ಬಳು, ಅವಳೂ ಆಪ್ತಸಲಹೆಗಾರ್ತಿಯೇ, ರೇಗಿದಳು. ಅವಮಾನ ಮಾಡಿದ ಜಾಗಕ್ಕೇ ವಾಪಸ್ ಕಳಿಸ್ತೀಯಲ್ಲ ಅಂದಳು. ನನ್ನ ನಿಲುವು ಬದಲಾಗಿಲ್ಲ. ಅವರ ತಂದೆ ತಾಯಿಯ ಸಮಾಧಿ ಅಲ್ಲಿದೆ, ಮಕ್ಕಳ ಲಗ್ನ ಅಲ್ಲಾಗಿದೆ. ಒಂದು ಪ್ರಶ್ನೆ ಕೇಳಿದ್ದಕ್ಕೆ ಮನುಷ್ಯ ಅಷ್ಟನ್ನೂ ಬಿಟ್ಟು ಬರಬೇಕಾದರೆ, ಕೋರಹನ ಕಥೆ ಹೇಳಿದವರೇ ಗೆದ್ದಂತಾಯಿತು, ಅಲ್ವಾ? ಜೀವಕ್ಕೆ ಅಪಾಯ ಇದ್ದಿದ್ದರೆ ಬೇರೆ ಮಾತು. ಇಲ್ಲಿ ಇದ್ದದ್ದು ಮುಜುಗರ.

ಬೆಳಗಾವಿ ಕಡೆಯ ಕ್ಯಾಥೊಲಿಕರೂ ಇದೇ ಕೇಳುತ್ತಾರೆ. ಅವರ ಸಭೆಯ 1983ರ ಕಾನೂನು ಸಂಹಿತೆಯ 212ನೇ ನಿಯಮದಲ್ಲಿ ಎರಡೂ ಒಟ್ಟಿಗೇ ಇವೆ. ಗುರುಗಳು ಬೋಧಿಸಿದ್ದನ್ನು ಕ್ರೈಸ್ತ ವಿಧೇಯತೆಯಿಂದ ಪಾಲಿಸಬೇಕು. ಸಭೆಯ ಒಳಿತಿನ ವಿಷಯದಲ್ಲಿ ಅನಿಸಿದ್ದನ್ನು, ಗೌರವ ಬಿಡದೆ, ಅವರಿಗೆ ತಿಳಿಸುವ ಹಕ್ಕು ಭಕ್ತರಿಗಿದೆ, ಕೆಲವು ಸಲ ಅದು ಕರ್ತವ್ಯವೂ ಹೌದು. ಕಾಣಿಕೆಯ ಹಣದ ಲೆಕ್ಕವನ್ನು ಭಕ್ತರಿಗೆ ಕೊಡಬೇಕು ಅಂತಲೂ ಅದೇ ಸಂಹಿತೆ ಬೇರೆ ಕಡೆ ಹೇಳುತ್ತದೆ.

ಆದರೆ ಈ ಕಾಗದ, ಸಹಿ, ಪೋಚ್ ಎಲ್ಲ ರೊಕ್ಕದ ವಿಷಯಕ್ಕೆ, ಆಡಳಿತದ ವಿಷಯಕ್ಕೆ. ಮಗುವಿನ ಮೈ ಮುಟ್ಟಿದ ವಿಷಯ ಬಂದರೆ ಇದ್ಯಾವುದೂ ಇಲ್ಲ. "ಮೊದಲು ಸಭೆಯೊಳಗೇ ಬಗೆಹರಿಸಿಕೊಳ್ಳೋಣ" ಅಂತ ಬೈಬಲಿನ ಮತ್ತಾಯನ 18ನೇ ಅಧ್ಯಾಯವನ್ನು ಅಡ್ಡ ಇಡುವವರನ್ನು ನೋಡಿದ್ದೇನೆ. ಮಠದಲ್ಲಾದರೆ ಇನ್ನೊಂದು ಮಾತು ಅಡ್ಡ ಬರುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಕಮಿಟಿಯ ಅಪ್ಪಣೆ ಬೇಕಿಲ್ಲ, ಎರಡು ಮೂರು ಸಾಕ್ಷಿ ಕೂಡಿಸಬೇಕಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇದರಲ್ಲಿ ನಾನು ಯಾರ ಜೊತೆಗೂ ಚರ್ಚೆಗೆ ಕೂರುವುದಿಲ್ಲ.

ಮಾಸ್ತರ ಕಾಗದಕ್ಕೆ ಉತ್ತರ ತಡವಾಗಿ ಬಂತು. ಲಿಲಾವಿನ ಬಹುಪಾಲು ರೊಕ್ಕ ಚಾವಣಿಯ ತಗಡು ಬದಲಿಸಲು ಹೋಗಿತ್ತು, ಅದಕ್ಕೆ ಬಿಲ್ಲು ಇತ್ತು. ಸ್ವಲ್ಪಕ್ಕೆ ಬಿಲ್ಲೇ ಇರಲಿಲ್ಲ. ಆ ಸ್ವಲ್ಪದ ಬಗ್ಗೆ ಮೀಟಿಂಗಿನಲ್ಲಿ ಜೋರು ಮಾತಾಗಿ, ಮುಂದಿನ ಹಬ್ಬಕ್ಕೆ ರಸೀದಿ ಪುಸ್ತಕ ಅಚ್ಚು ಹಾಕಿಸುವುದು ಅಂತ ಠರಾವಾಯಿತು. ಲಿಲಾವಿನ ಹೊತ್ತಲ್ಲಿ ಅದನ್ನು ಬರೆಯುವ ಕೆಲಸವನ್ನು ಮಾಸ್ತರಿಗೇ ಹಚ್ಚಿದ್ದಾರೆ.

ರಾತ್ರಿ ಪ್ರಾರ್ಥನೆ ಈಗ ಹೆಚ್ಚಿನ ದಿನ ಒಂದೇ ಸಲಕ್ಕೆ ಮುಗಿಯುತ್ತದಂತೆ. ಮಾತ್ರೆ ಇನ್ನೂ ನಡೆದಿದೆ. ಅಯ್ಯನವರು ಮಾತ್ರ ಎದುರು ಸಿಕ್ಕರೂ ಸರಿಯಾಗಿ ಮಾತಾಡಿಸುತ್ತಿಲ್ಲ. ಅದು ಮಾಸ್ತರಿಗೆ ಇನ್ನೂ ಚುಚ್ಚುತ್ತಿದೆ. ಬಿಲ್ಲಿಲ್ಲದ ರೊಕ್ಕಕ್ಕಿಂತ ಅದೇ ಜಾಸ್ತಿ ಅಂತಾರೆ. ಅದಕ್ಕೇ ಭೇಟಿ ನಿಲ್ಲಿಸಿಲ್ಲ.