ಡಂಡೀಗೆ ಬರುವವರಿಗೆ: ಶನಿವಾರ ಮಧ್ಯಾಹ್ನ ಮೂರಕ್ಕೆ ಗೇಫೀಲ್ಡ್‌ನಲ್ಲಿರಿ

ಓದಿಗಾಗಿ ಸ್ಕಾಟ್ಲೆಂಡಿನ ಡಂಡೀಗೆ ಬರಲಿರುವ ತಾವು, ಇಲ್ಲಿನವರೊಡನೆ ಬೆರೆಯುವುದು ಹೇಗೆ, ವಾರದ ಕೊನೆಯಲ್ಲಿ ಒಂಟಿತನ ಕಾಡುವುದಿಲ್ಲವೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಇಲ್ಲಿ ನೆಲೆಸಿರುವ ನನ್ನ ಉತ್ತರವಿಷ್ಟೇ: ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿಯ ಆರ್ಬ್ರೋತ್ ಊರಿನ ಫುಟ್‌ಬಾಲ್ ತಂಡವನ್ನು ತಮ್ಮದಾಗಿಸಿಕೊಂಡು, ಅದರ ಮೈದಾನವಾದ ಗೇಫೀಲ್ಡ್‌ನಲ್ಲಿ ಒಂದು ಆಟದ ಋತುವನ್ನು ಪೂರ್ತಿಯಾಗಿ ನೋಡಿ.

ಋತು ಜುಲೈನಲ್ಲಿ ಲೀಗ್ ಕಪ್‌ನ ಗುಂಪು ಪಂದ್ಯಗಳಿಂದ ಮೊದಲಾಗುತ್ತದೆ. ಅನಂತರ ಹತ್ತು ತಂಡಗಳ ಲೀಗ್. ಪ್ರತಿಯೊಂದು ತಂಡವನ್ನೂ ನಾಲ್ಕು ಬಾರಿ ಎದುರಿಸಬೇಕಾದ್ದರಿಂದ ಒಟ್ಟು 36 ಪಂದ್ಯಗಳು. ನಡುವೆ ಸ್ಕಾಟಿಷ್ ಕಪ್ ಬರುತ್ತದೆ. 1885ರ ಸೆಪ್ಟೆಂಬರ್ 12ರಂದು ಇದೇ ಕಪ್‌ನಲ್ಲಿ ಆರ್ಬ್ರೋತ್, ಅಬರ್ಡೀನಿನ ಬಾನ್ ಅಕಾರ್ಡ್ ತಂಡವನ್ನು 36-0ರಿಂದ ಸೋಲಿಸಿತ್ತು. ಅದೇ ದಿನ ತಾವು ಬರಲಿರುವ ಊರಿನ ಡಂಡೀ ಹಾರ್ಪ್ 35-0ರಿಂದ ಗೆದ್ದಿತ್ತೆಂಬುದನ್ನೂ ನೆನಪಿಡಿ. ಇಲ್ಲಿನವರೊಡನೆ ಮಾತು ಶುರುವಾಗಲು ಅಷ್ಟು ಸಾಕು.

ಆದರೆ ನಾನು ಈ ಊರಿಗೆ ಮನಸೋತದ್ದು 2021-22ರ ಋತುವಿನಲ್ಲಿ. ಹಗಲು ಬೇರೆ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಆಟಗಾರರ ತಂಡವನ್ನು ಡಿಕ್ ಕ್ಯಾಂಪ್‌ಬೆಲ್ ಎಂಬ ಹಿರಿಯ ತರಬೇತುದಾರರು ಎರಡನೆಯ ದರ್ಜೆಯ ಚಾಂಪಿಯನ್‌ಷಿಪ್‌ನ ತುದಿಯವರೆಗೆ ಒಯ್ದರು. ಸ್ಕಾಟಿಷ್ ಕಪ್‌ನಲ್ಲಿ ಹಿಬರ್ನಿಯನ್ ಎದುರು ಸೋತದ್ದನ್ನು ಯಾರೂ ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಎಲ್ಲರ ಕಣ್ಣೂ ಲೀಗಿನ ಮೇಲಿತ್ತು. ಏಪ್ರಿಲ್ 22ರಂದು ಪ್ರಶಸ್ತಿಗೆ ಪೈಪೋಟಿ ನೀಡುತ್ತಿದ್ದ ಕಿಲ್ಮಾರ್ನಾಕ್ ತಂಡದ ಊರಿನಲ್ಲಿ ಮೊದಲು ಗೋಲು ಹೊಡೆದವರು ನಮ್ಮವರೇ. ಕೊನೆಯ ಹಂತದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಪ್ರಶಸ್ತಿಯನ್ನು ಕಳೆದುಕೊಂಡರು. ಲೀಗ್ ಮುಗಿದಾಗ ಕಿಲ್ಮಾರ್ನಾಕ್‌ಗೆ 67 ಅಂಕ, ನಮಗೆ 65. ಮೇಲಿನ ದರ್ಜೆಗೆ ಬಡ್ತಿಗಾಗಿ ಇನ್ವರ್ನೆಸ್ ತಂಡದ ಎದುರು ಆಡಿದ ಎರಡೂ ಪಂದ್ಯಗಳಲ್ಲಿ ಗೋಲೇ ಆಗದೆ, ಪೆನಾಲ್ಟಿಯಲ್ಲಿ ಸೋತೆವು. ಆ ಸಂಜೆ ಗೇಫೀಲ್ಡ್‌ನಲ್ಲಿ ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಮರೂನ್ ಬಣ್ಣದ ಸ್ಕಾರ್ಫ್‌ನ ತುದಿಯಿಂದ ಕಣ್ಣೊರೆಸಿಕೊಂಡು, ನಂತರ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದಿನ ಋತುವಿಗೂ ಬರುವೆಯಲ್ಲ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಈ ನಾಡಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

2024ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಮರುವರ್ಷವೇ ಆ ದರ್ಜೆಯ ಲೀಗ್ ಒನ್ ಗೆದ್ದು ಮೇಲೆ ಬಂತು. ಇಳಿದ ವರ್ಷವೂ ಆ ಹಿರಿಯರು ತಮ್ಮ ಜಾಗದಲ್ಲಿಯೇ ನಿಂತಿದ್ದರು.

ಗೇಫೀಲ್ಡ್ ಸಮುದ್ರಕ್ಕೆ ಅಂಟಿಕೊಂಡಂತಿದೆ. ಅಲೆ ಎದ್ದ ದಿನ ಗೋಡೆ ದಾಟಿ ಉಪ್ಪುನೀರಿನ ಹನಿಗಳು ಮುಖಕ್ಕೆ ರಾಚುತ್ತವೆ, ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡನ್ನು ಗಾಳಿ ಹಿಂದಕ್ಕೆ ತಳ್ಳುತ್ತದೆ. ಗಾಳಿ ತಡೆಯುವ ಕೋಟು, ಕಿವಿ ಮುಚ್ಚುವ ಟೋಪಿ ಖಂಡಿತ ಬೇಕು. ತಾವು ಮಾಂಸ ತಿನ್ನದವರಾದರೆ, ಚಳಿಗೆಂದು ಎಲ್ಲರೂ ಕುಡಿಯುವ ಬವ್ರಿಲ್ ದನದ ಮಾಂಸದ ಸಾರವೆಂಬುದು ತಿಳಿದಿರಲಿ. ಮ್ಯಾಕರೋನಿ ಪೈ ಇದೆಯೇ ಎಂದು ಕೇಳಿ ನೋಡಿ. ವಿರಾಮದಲ್ಲಿ, ಮುಂದಿನ ಅರ್ಧದಲ್ಲಿ ನಮ್ಮ ತಂಡ ದಾಳಿ ಮಾಡುವ ತುದಿಗೆ ಜನರೆಲ್ಲ ನಡೆದುಹೋಗುತ್ತಾರೆ. ತಾವೂ ಅವರ ಜೊತೆ ನಡೆಯಿರಿ, ಮಾತು ಅಲ್ಲಿಯೇ ಶುರುವಾಗುತ್ತದೆ.