ಪೋಲೆಂಡ್‌ನಲ್ಲಿ ದಿನನಿತ್ಯದ ಬದುಕು, ಊಟ ಹೇಗೆ? ಪೋಲಿಷ್ ಕಲಿಯದೆ ನಡೆಯುತ್ತಾ?

ಕ್ರಾಕೋವ್‌ನಲ್ಲಿ ಕೆಲಸ ಸಿಕ್ಕಿದೆ, ಸಸ್ಯಾಹಾರಿ, ಬರೀ ಇಂಗ್ಲಿಷ್‌ನಲ್ಲಿ ಕಾಲ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ನಾನು ಇರುವುದೂ ಇದೇ ಊರಿನಲ್ಲಿ. ವರ್ಷಗಟ್ಟಲೆ ಹಾಗೇ ಕಾಲ ಹಾಕಿದವರು ಬೇಕಾದಷ್ಟು ಜನ ಸಿಗುತ್ತಾರೆ. ಆಫೀಸಿನಲ್ಲಿ ಇಂಗ್ಲಿಷ್, ಬ್ಯಾಂಕ್ ಆ್ಯಪ್ ಇಂಗ್ಲಿಷ್, ಟ್ರಾಮ್ ಟಿಕೆಟ್ ಮಷೀನ್ ಇಂಗ್ಲಿಷ್. ಸೂಪರ್ ಮಾರ್ಕೆಟ್‌ನಲ್ಲಂತೂ ಬಾಯಿ ತೆಗೆಯುವ ಅಗತ್ಯವೇ ಇಲ್ಲ, ನಾವೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿ ಬರಬಹುದು.

ಆದರೆ ಅದನ್ನು ಪೋಲೆಂಡ್‌ನಲ್ಲಿ ಬದುಕುವುದು ಅಂತ ಕರೆಯಲು ನನಗೆ ಮನಸ್ಸಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ 'ಕನ್ನಡ್ ಗೊತ್ತಿಲ್ಲ' ಅನ್ನುವವರನ್ನು ಕಂಡರೆ ನಮಗೆ ಮೈ ಉರಿಯುತ್ತದೆ, ಅಲ್ವಾ? ಇಲ್ಲಿಗೆ ಬಂದ ಮೇಲೆ ನಾವೇ ಅವರಾಗಿಬಿಡುತ್ತೇವೆ. ಡಿಪಿಯಲ್ಲಿ ಕನ್ನಡ ಬಾವುಟ ಹಾಕಿಕೊಂಡವರೂ ಸೇರಿ. ಕೇಳಿದರೆ 'ಪೋಲಿಷ್ ಜಾಸ್ತಿ ಕಷ್ಟ' ಅನ್ನುತ್ತಾರೆ. ಬೆಂಗಳೂರಿಗೆ ಬಂದ ಅವರಿಗೆ ಕನ್ನಡ ಸುಲಭವಾಗಿತ್ತಾ?

ಮೊದಲು ಊಟದ ವಿಷಯ ಮುಗಿಸುತ್ತೇನೆ, ಬರುವವರಿಗೆಲ್ಲ ಇರುವ ದೊಡ್ಡ ಭಯ ಅದೇ. ಪೋಲೆಂಡ್ ಅಂದರೆ ಬರೀ ಹಂದಿ ಮಾಂಸ, ಸಾಸೇಜ್ ಅಂತ ಎಲ್ಲರೂ ಹೆದರಿಸುತ್ತಾರೆ. ಅರ್ಧ ಸತ್ಯ. ಹೋಟೆಲ್ ಮೆನು ನೋಡಿದರೆ ಹಾಗೇ ಕಾಣುತ್ತದೆ. ಆದರೆ 'ಬಾರ್ ಮ್ಲೆಚ್ನಿ' ಅಂತ ಒಂದು ಜಾಗ ಇದೆ. ಮ್ಲೆಚ್ನಿ ಅಂದರೆ ಹಾಲಿನದು, ಇದು ಕುಡಿಯುವ ಬಾರ್ ಅಲ್ಲ. ಮೊದಲನೆಯದು ವಾರ್ಸಾದಲ್ಲಿ 1896ರಲ್ಲಿ ಶುರುವಾಯಿತು. ಕಮ್ಯುನಿಸ್ಟ್ ಕಾಲದಲ್ಲಿ ಕಾರ್ಮಿಕರು, ವಿದ್ಯಾರ್ಥಿಗಳು ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದುದು ಇಲ್ಲೇ. ಈಗಲೂ ಹಾಲು, ಹಿಟ್ಟು, ಮೊಟ್ಟೆ, ತರಕಾರಿಯಿಂದ ಮಾಡಿದ ಮಾಂಸವಿಲ್ಲದ ತಿಂಡಿಗಳಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ. 2015ರಲ್ಲಿ ಪಟ್ಟಿಯಲ್ಲಿಲ್ಲದ ಮಸಾಲೆ ಹಾಕಿದ ಅಡುಗೆಗೆ ಸಬ್ಸಿಡಿ ಇಲ್ಲ ಎಂಬಂಥ ನಿಯಮ ಬಂದು ದೊಡ್ಡ ಗಲಾಟೆಯಾಗಿತ್ತು, ಆಮೇಲೆ ತಿದ್ದಿದರು. ಮೆಣಸಿನಪುಡಿ ಉದುರಿಸಲೂ ಸರ್ಕಾರದ ಅಪ್ಪಣೆ ಕೇಳಬೇಕಾದ ಅಡುಗೆಮನೆ! ಊಟ ಯಾಕೆ ಸಪ್ಪೆ ಅಂತ ಇನ್ನು ಬೇರೆ ಹೇಳಬೇಕಿಲ್ಲ.

ನಮ್ಮ ದರ್ಶಿನಿ ಗೊತ್ತಿದ್ದವರಿಗೆ ಬಾರ್ ಮ್ಲೆಚ್ನಿಯಲ್ಲಿ ಏನೂ ಹೊಸದಲ್ಲ. ಗೋಡೆಯ ಮೇಲೆ ಬೋರ್ಡ್. ಗಲ್ಲಾದಲ್ಲಿ ಹೇಳಿ, ದುಡ್ಡು ಕೊಟ್ಟು, ಚೀಟಿ ಹಿಡಿದು ಅಡುಗೆಮನೆಯ ಕಿಂಡಿಯ ಮುಂದೆ ನಿಲ್ಲಬೇಕು. ತಲೆಗೆ ಬಿಳಿ ಬಟ್ಟೆ ಕಟ್ಟಿದ ಹೆಂಗಸು ಚೀಟಿ ತೆಗೆದುಕೊಂಡು, ಹಬೆಯಾಡುವ ಪಾತ್ರೆಯಿಂದ ತಟ್ಟೆಗೆ ಸುರಿದು, 'ರುಸ್ಕಿಯೆ!' ಅಂತ ಕೂಗುತ್ತಾಳೆ. ಅದು ಪಿಯೆರೋಗಿ ರುಸ್ಕಿಯೆ. ಮೈದಾ ಹಾಳೆಯೊಳಗೆ ಆಲೂಗಡ್ಡೆ, ತ್ವಾರುಗ್ ಎಂಬ ಬಿಳಿ ಗಿಣ್ಣು, ಹುರಿದ ಈರುಳ್ಳಿ ತುಂಬಿ ಬೇಯಿಸಿದ್ದು. ಪೂರ್ತಿ ಸಸ್ಯಾಹಾರ ಅಂತ ನೆಮ್ಮದಿಯಾಗಿ ನಿಂತಿರುತ್ತೀರಿ. ಆಗಲೇ ಆಕೆ ಒಂದು ಸೌಟು ತೆಗೆದು ಮೇಲೆ ಕೊಬ್ಬಿನಲ್ಲಿ ಹುರಿದ ಹಂದಿಯ ಚೂರುಗಳನ್ನು ಹಾಕಬಹುದು. ಅದಕ್ಕೆ ಸ್ಕ್ವಾರ್ಕಿ ಅನ್ನುತ್ತಾರೆ. ಮೆನುವಿನಲ್ಲಿ ಬರೆದಿರುವುದಿಲ್ಲ, ಇವರ ಲೆಕ್ಕದಲ್ಲಿ ಅದು ಮಾಂಸವೂ ಅಲ್ಲ, ಸುಮ್ನೆ ಒಗ್ಗರಣೆ. ಆದ್ದರಿಂದ ಗಲ್ಲಾದಲ್ಲೇ 'ಬೆಜ್ ಸ್ಕ್ವಾರೆಕ್' ಅನ್ನಿ. ಅದು ಹಾಕದೆ ಕೊಡಿ ಅಂತ. ನಿಮ್ಮ ಮೊದಲ ಪೋಲಿಷ್ ಪಾಠ ಇದೇ ಆಗಲಿ.

ಸೂಪ್‌ಗಳ ವಿಷಯದಲ್ಲಿ ಇನ್ನೂ ಹುಷಾರು. ಬಾರ್ಷ್ಚ್ ಅನ್ನುವ ಬೀಟ್‌ರೂಟ್ ಸಾರು, ಟೊಮ್ಯಾಟೊ ಸೂಪ್ ನೋಡಲು ನಮ್ಮವೇ. ಆದರೆ ಸಾಮಾನ್ಯವಾಗಿ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ. ಝೂರೆಕ್ ಅಂತ ಹುಳಿ ಬರಿಸಿದ ರೈ ಹಿಟ್ಟಿನ ಸೂಪ್ ಇದೆ, ಹುಳಿ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಒಳಗೆ ಸಾಸೇಜ್ ತೇಲುತ್ತಿರುತ್ತದೆ. ಮಾಂಸ ಬೇಡ ಅಂದರೆ 'ಹಾಗಾದರೆ ಮೀನು?' ಅನ್ನುತ್ತಾರೆ. ತಮಾಷೆಗಲ್ಲ. ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಶುಕ್ರವಾರ ಮಾಂಸ ಬಿಡುತ್ತಾರೆ, ಮೀನು ನಡೆಯುತ್ತದೆ. ಅವರ ತಲೆಯಲ್ಲಿರುವ ವ್ರತದ ಲೆಕ್ಕ ಅದು. ಈಗಿನ ಹುಡುಗರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಕ್ರಾಕೋವ್, ವಾರ್ಸಾಗಳಲ್ಲಿ ವೀಗನ್ ಹೋಟೆಲ್‌ಗಳು ಬೇಕಾದಷ್ಟಿವೆ, ಬರ್ಗರಿನಿಂದ ಹಿಡಿದು ರಾಮೆನ್‌ವರೆಗೆ.

ನನಗೆ ಇಲ್ಲಿಯ ಊಟದಲ್ಲಿ ತುಂಬ ಇಷ್ಟವಾಗಿದ್ದು ಬೇಸಿಗೆಯ ಒಂದು ಬಡ ಊಟ. ಹೊಸ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಸಬ್ಬಸಿಗೆ ಸೊಪ್ಪು ಹೆಚ್ಚಿ ಉದುರಿಸುತ್ತಾರೆ. ಜೊತೆಗೆ ಒಂದು ಲೋಟ ತಣ್ಣನೆ ಮಜ್ಜಿಗೆ, ಇಲ್ಲವೇ ಹೆಪ್ಪುಗಟ್ಟಿದ ಹುಳಿ ಹಾಲು. ಅಷ್ಟೇ. ಹೌದು, ನಮ್ಮ ಅದೇ ಸಬ್ಬಸಿಗೆ. ಇವರಿಗೆ ಅದರ ಹುಚ್ಚು. ಸೂಪ್‌ಗೆ, ಸೌತೆಕಾಯಿ ಪಚಡಿಗೆ, ಉಪ್ಪುನೀರಿನಲ್ಲಿ ಹುಳಿ ಬರಿಸುವ ಸೌತೆಕಾಯಿಗೆ, ಎಲ್ಲದಕ್ಕೂ ಅದೇ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಎಲ್ಲಿ ಹುಡುಕಲಿ ಅಂತ ನೀವು ಯೋಚಿಸುವುದೇ ಬೇಡ.

ಮನೆ ಅಡುಗೆಗೆ ಉಳಿದ ಸಾಮಾನೂ ಸಿಗುತ್ತದೆ. ಉಪ್ಪಿಟ್ಟಿಗೆ 'ಕಾಷಾ ಮಾನ್ನಾ' ತನ್ನಿ, ಅದು ಸಣ್ಣ ರವೆ. ಇಲ್ಲಿಯವರು ಮಕ್ಕಳಿಗೆ ಹಾಲಿನಲ್ಲಿ ಬೇಯಿಸಿ ಕೊಡುತ್ತಾರೆ, ಕೇಸರಿಬಾತ್‌ಗಂತೂ ಹೇಳಿ ಮಾಡಿಸಿದಂತಿದೆ. ಮಶ್ಲಾಂಕಾ ಅಂದರೆ ಮಜ್ಜಿಗೆ, ಎಲ್ಲ ಅಂಗಡಿಯಲ್ಲೂ ಇರುತ್ತದೆ, ಮಜ್ಜಿಗೆಹುಳಿ ಚೆನ್ನಾಗಿ ಆಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಹೀಟರ್ ಇರುತ್ತದೆ, ಅದರ ಪಕ್ಕ ಪಾತ್ರೆ ಇಟ್ಟು ಮಲಗಿ. ಕರಿಬೇವು ಮಾತ್ರ ಸುಲಭವಾಗಿ ಸಿಗುವುದಿಲ್ಲ.

ಚಹಾ ಬಗ್ಗೆ ಒಂದು ಮಾತು. ಇಲ್ಲಿ ಚಹಾ ಅಂದರೆ ಡಿಕಾಕ್ಷನ್‌ಗೆ ನಿಂಬೆ ಹೋಳು. ಹಾಲು ಹಾಕಿದ ಚಹಾಕ್ಕೆ ಬಾವಾರ್ಕಾ ಅನ್ನುತ್ತಾರೆ, ಅದು ಬಾಣಂತಿಯರಿಗೆ ಹಾಲು ಹೆಚ್ಚಲಿ ಅಂತ ಕೊಡುವ ಪದಾರ್ಥ ಎಂಬ ನಂಬಿಕೆ ಹಳಬರಲ್ಲಿ ಇದೆ. ಮೀಸೆ ಹೊತ್ತ ಗಂಡಸು ಹೋಗಿ ಕೇಳಿದರೆ ಅಜ್ಜಿಯರಿಗೆ ನಗು ಬಾರದೇ ಇರುತ್ತಾ?

ಈಗ ಭಾಷೆ. ಪೋಲಿಷ್ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೆ ಕನ್ನಡಿಗರಿಗೆ ಎಷ್ಟು ಕಷ್ಟ ಅನ್ನುವುದು ಬೇರೆ ಪ್ರಶ್ನೆ. ಕ್ಲಾಸಿನಲ್ಲಿ ಇಂಗ್ಲಿಷರು, ಅಮೆರಿಕದವರು ಮೊದಲ ದಿನವೇ ಸುಸ್ತಾಗುತ್ತಾರೆ, ಯಾಕೆಂದರೆ ಪೋಲಿಷ್‌ನಲ್ಲಿ ಏಳು ವಿಭಕ್ತಿ. ಪ್ರಥಮಾ, ದ್ವಿತೀಯಾ, ತೃತೀಯಾ ಅಂತ ಪ್ರೈಮರಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಅದು ಯಾಕೆ ಬೇಕು ಅಂತ ಯಾರೂ ವಿವರಿಸಬೇಕಿಲ್ಲ. ಊರಿನ ಹೆಸರಿಗೂ ಪ್ರತ್ಯಯ ಹತ್ತುತ್ತದೆ, ಜನರ ಹೆಸರಿಗೂ ಹತ್ತುತ್ತದೆ, ಕರೆಯುವಾಗ ಸಂಬೋಧನೆಯ ರೂಪವೇ ಬೇರೆ. ನಮಗೆ ಇದೆಲ್ಲ ಸಹಜ.

ಇನ್ನೊಂದು ಲಾಭ ಉಚ್ಚಾರಣೆಯಲ್ಲಿದೆ. ಪೋಲಿಷ್‌ನಲ್ಲಿ ಎರಡು ಬಗೆಯ ಶ ಇದೆ. ಒಂದು ನಾಲಿಗೆಯನ್ನು ಅಂಗುಳಿಗೆ ಚಪ್ಪಟೆಯಾಗಿ ಒತ್ತಿ ಹೇಳುವುದು, ಇನ್ನೊಂದು ನಾಲಿಗೆ ಸ್ವಲ್ಪ ಹಿಂದಕ್ಕೆ ಎಳೆದು ಹೇಳುವುದು. ಇಂಗ್ಲಿಷರ ಕಿವಿಗೆ ಎರಡೂ ಒಂದೇ. ನಮ್ಮ ವರ್ಣಮಾಲೆಯಲ್ಲಿ ಶ ಮತ್ತು ಷ ಅಂತ ಹೆಚ್ಚುಕಮ್ಮಿ ಅದೇ ಎರಡು ಅಕ್ಷರ ಅಕ್ಕಪಕ್ಕ ಕೂತಿವೆ. ಮಾತಿನಲ್ಲಿ ನಾವು ಎರಡನ್ನೂ ಒಂದೇ ಮಾಡಿ ನುಂಗುತ್ತೇವೆ, ಅದು ಬೇರೆ. ಆದರೆ ವ್ಯತ್ಯಾಸ ಗೊತ್ತು. ಶಾಲೆಯಲ್ಲಿ 'ವಿಷ, ವಿಶ ಅಲ್ಲ' ಅಂತ ಬೈಸಿಕೊಂಡಿದ್ದು ಸಾರ್ಥಕವಾಗುವ ಜಾಗ ಇದು.

ನಿಜವಾದ ತಲೆನೋವು ಬೇರೆ ಕಡೆ ಇದೆ. ಮೇಜು, ಪುಸ್ತಕ, ಕಿಟಕಿ ಎಲ್ಲಕ್ಕೂ ಲಿಂಗ. ನಾವು 'ಹೋದೆ' ಅಂದರೆ ಹೇಳಿದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಪೋಲಿಷ್‌ನಲ್ಲಿ ಅದಕ್ಕೂ ಎರಡು ರೂಪ. ಸಂಖ್ಯೆಗಳಂತೂ ಕೇಳಲೇಬೇಡಿ. ಇಲ್ಲಿ ಯೂರೋ ಇಲ್ಲ, ಜ್ವೋತಿ ಎಂಬ ಹಣ. ಒಂದು ಜ್ವೋತಿ, ಎರಡರಿಂದ ನಾಲ್ಕರವರೆಗೆ ಜ್ವೋತೆ, ಐದರಿಂದ ಜ್ವೋತಿಖ್. ಇಪ್ಪತ್ತೆರಡಕ್ಕೆ ಮತ್ತೆ ಜ್ವೋತೆ. ಸಂತೆಯಲ್ಲಿ ಟೊಮ್ಯಾಟೊ ಕೊಳ್ಳುವಾಗ ಮನಸ್ಸಿನಲ್ಲೇ ವ್ಯಾಕರಣದ ಪರೀಕ್ಷೆ ನಡೆಯುತ್ತಿರುತ್ತದೆ. ಆದರೆ ತಪ್ಪು ಮಾತಾಡಿದರೆ ಯಾರೂ ನಗುವುದಿಲ್ಲ. ಎರಡು ವಾಕ್ಯ ಆಡಿದರೆ ಸಾಕು, ಗಂಟು ಮುಖ ಸಡಿಲವಾಗುತ್ತದೆ, ಒಂದು ಹಿಡಿ ಸಬ್ಬಸಿಗೆ ಕೊಸರಾಗಿ ಬೀಳುತ್ತದೆ. ಹಳೇ ಊರಿನ ಪಕ್ಕದಲ್ಲೇ ಸ್ತಾರಿ ಕ್ಲೆಪಾಷ್ ಅಂತ ಸಂತೆ ಇದೆ, ಬಂದ ಮೊದಲ ವಾರವೇ ಹೋಗಿ.

ಮರ್ಯಾದೆಯ ರೀತಿ ನಮಗೆ ಬೇಗ ಹಿಡಿಸುತ್ತದೆ. ಪರಿಚಯವಿಲ್ಲದವರನ್ನು 'ನೀನು' ಅನ್ನುವ ಹಾಗಿಲ್ಲ. ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ ಅಂತ ಹೇಳಿ, ಎದುರಿಗೆ ನಿಂತವರ ಬಗ್ಗೆಯೇ ಬೇರೆ ಯಾರೋ ಎಂಬಂತೆ ಮಾತಾಡಬೇಕು. 'ಸಾಹೇಬ್ರು ಏನು ತಗೋತಾರೆ?', 'ಸವಾರಿ ಎಲ್ಲಿಗೆ ಹೊರಟಿತು?' ಅಂತ ನಾವು ಕೇಳುವುದಿಲ್ಲವೇ, ಆ ಧಾಟಿ. ಆಫೀಸಿನಲ್ಲಿ ಮಾತ್ರ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ.

ರಸ್ತೆಯಲ್ಲಿ ಯಾರೂ ನಿಮ್ಮನ್ನು ನೋಡಿ ನಗುವುದಿಲ್ಲ. ಅದನ್ನು ಸಿಟ್ಟು ಅಂದುಕೊಳ್ಳಬೇಡಿ. ಆದರೆ ಲಿಫ್ಟ್‌ಗೆ ಹತ್ತುವಾಗ, ಡಾಕ್ಟರ್ ಹತ್ತಿರ ಕಾಯುವ ಕೋಣೆಗೆ ಹೋಗುವಾಗ 'ಜೆನ್ ದೋಬ್ರಿ' ಅನ್ನಲೇಬೇಕು, ಹೊರಡುವಾಗ 'ದೋ ವಿಜೇನ್ಯಾ'. ಅನ್ನದಿದ್ದರೆ ನಿಮಗೆ ಮನೆಯಲ್ಲಿ ಏನೂ ಕಲಿಸಿಲ್ಲ ಎಂದು ಅರ್ಥ. ಹೇಗಿದ್ದೀರಿ ಅಂತ ಮಾತ್ರ ಸುಮ್ಮನೆ ಕೇಳಬೇಡಿ, ನಿಜವಾಗಿ ಹೇಳುತ್ತಾರೆ! ಮಂಡಿ ನೋವು, ಗ್ಯಾಸ್ ಬಿಲ್ಲು, ಸರ್ಕಾರ, ಹವಾಮಾನ. ನನ್ನ ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನನಗೆ ಪೋಲಿಷ್ ಕಲಿಸಿದ್ದು ಅರ್ಧ ಕ್ಲಾಸು, ಇನ್ನರ್ಧ ಅವರ ಮಂಡಿ ನೋವು. ಶರತ್ಕಾಲದಲ್ಲಿ ಅವರು ಒಂದು ಜಾಡಿ ಹುಳಿ ಸೌತೆಕಾಯಿ ಕೊಟ್ಟರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ನಮ್ಮ ಕಡೆ ಪದ್ಧತಿ, ಹಾಗಾಗಿ ಅದರಲ್ಲೇ ಕೋಡುಬಳೆ ಹಾಕಿ ಕೊಟ್ಟೆ. ಖಾರ ಅಂತ ಬೈದರು. ಜಾಡಿ ಮತ್ತೆ ಬಂತು, ಈ ಸಲ ಪ್ಲಮ್ ಜಾಮ್ ತುಂಬಿ. ಇಲ್ಲಿ ಜಾಡಿಗಳಿಗೆ ಭಾರಿ ಮರ್ಯಾದೆ. ಬೇರೆ ಊರಿನಿಂದ ವಾರ್ಸಾಗೆ ಬಂದು ದುಡಿಯುವವರು ಭಾನುವಾರ ಅಮ್ಮ ಮಾಡಿದ ಅಡುಗೆ ಜಾಡಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ ಅಂತ, ಅವರಿಗೆ 'ಜಾಡಿಗಳು' ಅಂತಲೇ ಅಡ್ಡಹೆಸರು.

ಮನೆಗೆ ಕರೆದರೆ ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ನಮ್ಮ ಹಾಗೇ. ಹೂವು ತೆಗೆದುಕೊಂಡು ಹೋಗುವುದಾದರೆ ಬೆಸ ಸಂಖ್ಯೆಯಲ್ಲಿರಲಿ, ಸಮ ಸಂಖ್ಯೆ ಸಾವಿನ ಮನೆಗೆ. ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಬಾರದು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಯಾರಾದರೂ ಕರೆದರೆ ತಪ್ಪಿಸಲೇಬೇಡಿ. ಸಂಪ್ರದಾಯದಂತೆ ಹನ್ನೆರಡು ಬಗೆ, ಒಂದರಲ್ಲೂ ಮಾಂಸ ಇಲ್ಲ. ಮೀನು ಬದಿಗೆ ಸರಿಸಿದರೂ ಎಲೆಕೋಸು, ಅಣಬೆ ತುಂಬಿದ ಪಿಯೆರೋಗಿ, ಬೀಟ್‌ರೂಟ್ ಸಾರು, ಗಸಗಸೆಯ ಸಿಹಿ ಅಂತ ಹೊಟ್ಟೆ ಬಿರಿಯುವಷ್ಟು ಇರುತ್ತದೆ. ಮೇಜಿನ ಬಟ್ಟೆಯ ಕೆಳಗೆ ಒಣಹುಲ್ಲು, ಕರೆಯದೆ ಬರುವ ಅತಿಥಿಗೆ ಅಂತ ಒಂದು ಖಾಲಿ ತಟ್ಟೆ. 2025ರಿಂದ ಆ ದಿನವೂ ಸರ್ಕಾರಿ ರಜೆ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. 2018ರ ಕಾನೂನು, ವರ್ಷದಲ್ಲಿ ಬೆರಳೆಣಿಕೆಯ ಭಾನುವಾರ ಬಿಟ್ಟರೆ ದೊಡ್ಡ ಅಂಗಡಿಗಳು ತೆರೆಯುವುದಿಲ್ಲ. ಶನಿವಾರ ಸಂಜೆಯೇ ಹಾಲು ತಂದಿಟ್ಟುಕೊಳ್ಳಿ, ಮರೆತರೆ ಮೂಲೆಯಲ್ಲಿ ಝಾಪ್ಕಾ ಎಂಬ ಚಿಕ್ಕ ಅಂಗಡಿ ಇದ್ದೇ ಇದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆ ಕತ್ತಲು, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಕ್ರಾಕೋವ್‌ನ ಹೊಗೆ ಕುಖ್ಯಾತ. 2019ರ ಸೆಪ್ಟೆಂಬರ್‌ನಿಂದ ಊರೊಳಗೆ ಕಲ್ಲಿದ್ದಲು, ಸೌದೆ ಉರಿಸುವುದನ್ನು ನಿಲ್ಲಿಸಿದ್ದಾರೆ, ಗಾಳಿ ಮೊದಲಿಗಿಂತ ವಾಸಿ. ಸುತ್ತಲಿನ ಹಳ್ಳಿಗಳ ಹೊಗೆ ಮಾತ್ರ ಬರುತ್ತಲೇ ಇದೆ.

ಬಣ್ಣದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಿಟ್ಟಿಸಿ ನೋಡುವವರು ಇದ್ದಾರೆ. ತಡರಾತ್ರಿ ಟ್ರಾಮ್‌ನಲ್ಲಿ ಕುಡಿದವರು ಏನಾದರೂ ಅಂದದ್ದೂ ಇದೆ. ಹಗಲಿನಲ್ಲಿ, ಕೆಲಸದ ಜಾಗದಲ್ಲಿ ನನಗೆ ತೊಂದರೆ ಆಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಒಬ್ಬರೇ ಇದ್ದರೆ ಡ್ರೈವರ್ ಹತ್ತಿರದ ಸೀಟು ಹಿಡಿಯಿರಿ.

ಮತ್ತೆ ನಿಮ್ಮ ಪ್ರಶ್ನೆಗೆ. ಒಂದೆರಡು ವರ್ಷಕ್ಕೆ ಬರುವುದಾದರೆ ಪೋಲಿಷ್ ಕಲಿಯಲೇಬೇಕೆಂಬ ಕಾನೂನು ಇಲ್ಲ. ಐದು ವರ್ಷ ಇದ್ದು ದೀರ್ಘಾವಧಿಯ ಯುರೋಪಿಯನ್ ಯೂನಿಯನ್ ನಿವಾಸಿ ಪರವಾನಗಿಗೆ ಅರ್ಜಿ ಹಾಕುವಾಗ ಬಿ1, ಅಂದರೆ ಮಧ್ಯಮ ಮಟ್ಟದ ಪೋಲಿಷ್ ಬರುತ್ತದೆ ಎಂಬ ದಾಖಲೆ ಬೇಕು. ಆಗ ಎದ್ದು ಬಿದ್ದು ಕ್ಲಾಸಿಗೆ ಸೇರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬಂದ ತಿಂಗಳೇ ಸೇರಿ. ಸಂಜೆ ಕ್ಲಾಸುಗಳಿವೆ, ಕೆಲವು ಕಂಪನಿಗಳು ಫೀಸನ್ನೂ ಕೊಡುತ್ತವೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಎಚ್‌ಆರ್ ಹತ್ತಿರ ಕೇಳಿಬಿಡಿ.

ಸೂಟ್‌ಕೇಸ್‌ನಲ್ಲಿ ಸಾರಿನ ಪುಡಿ, ಇಂಗು, ಒಣಗಿಸಿದ ಕರಿಬೇವು ಇರಲಿ. ದಪ್ಪ ಜಾಕೆಟ್ ಅಲ್ಲಿಂದ ಹೊತ್ತು ತರಬೇಡಿ, ಇಲ್ಲಿಯ ಚಳಿಗೆ ಇಲ್ಲಿಯದೇ ಸರಿ. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದನ್ನೇ ತನ್ನಿ, ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಗ್ಯಾಸ್ ಒಲೆ ಇರುವುದು ಕಮ್ಮಿ.