ಸಂಪಾದಕರ ಉತ್ತರ: ಹೊರಗಿನ ಹಾಲು ಬಂದರೆ ಯಾರಿಗೆ ಅಗ್ಗ?

ಬೆಂಗಳೂರಿನ ವಿಜಯನಗರದ ಓದುಗರೊಬ್ಬರ ಪತ್ರ ಇದು, ಸ್ವಲ್ಪ ಮೊಟಕು ಮಾಡಿದ್ದೇವೆ: "ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಹಾಲನ್ನು ಸೇರಿಸಲೇಬಾರದು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಮನೆಕೆಲಸಕ್ಕೆ ಬರುವಾಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು ಕೊಳ್ಳುತ್ತಾಳೆ. ಹೊರಗಿನದು ಕಡಿಮೆಗೆ ಸಿಕ್ಕರೆ ಅವಳಿಗೆ ಒಳ್ಳೇದಲ್ವಾ? ರೈತರ ಹೆಸರು ಹೇಳಿ ಬಡವರ ಜೇಬಿಗೆ ಯಾಕೆ ಕತ್ತರಿ ಹಾಕಬೇಕು? ಇನ್ನೊಂದು ಮಾತು. ನನ್ನ ಮಗ ಮಿಶಿಗನ್‌ನಲ್ಲಿದ್ದಾನೆ. ಶನಿವಾರ ಫುಡ್ ಬ್ಯಾಂಕಿನಲ್ಲಿ ದಿನಸಿ ಡಬ್ಬ ಜೋಡಿಸಿಕೊಡಲು ಹೋಗುತ್ತಾನೆ. ಜನ ಕಾರಿನಲ್ಲಿ ಬಂದು ಸಾಲು ನಿಲ್ಲುತ್ತಾರಂತೆ. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ ಈ ಒಪ್ಪಂದಗಳ ಬಗ್ಗೆ ನಾವು ತಲೆ ಕೆಡಿಸಿಕೊಂಡು ಏನು ಬಂತು?"

ನಮಸ್ಕಾರ. ಇಷ್ಟು ನೇರವಾಗಿ ಕೇಳಿದ್ದಕ್ಕೆ ಖುಷಿಯಾಯಿತು. ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮೊದಲನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ.

ನಿಮ್ಮ ಮಗ ನೋಡಿದ್ದು ನಿಜ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆಯೇ 2023ರಲ್ಲಿ ಅಲ್ಲಿನ ಪ್ರತಿ 100 ಮನೆಗಳಲ್ಲಿ 13ಕ್ಕೂ ಹೆಚ್ಚು ಮನೆಗಳು ವರ್ಷದಲ್ಲಿ ಒಂದಲ್ಲ ಒಂದು ಹೊತ್ತು ಊಟದ ಸಾಮಾನಿಗೆ ದುಡ್ಡು ಸಾಲದೆ ಒದ್ದಾಡಿವೆ. ಸುಮಾರು 4 ಕೋಟಿ ಜನ ಸರ್ಕಾರ ದುಡ್ಡು ತುಂಬಿಕೊಡುವ ಕಾರ್ಡಿನಲ್ಲಿ ದಿನಸಿ ಕೊಳ್ಳುತ್ತಾರೆ. ಆದರೆ ಗಳಿಕೆಗೆ ಹೋಲಿಸಿ ನೋಡಿದರೆ ಊಟ ತುಂಬಾ ಅಗ್ಗವಾಗಿರುವ ದೇಶಗಳಲ್ಲಿ ಅಮೆರಿಕವೂ ಒಂದು. ಕೈಗೆ ಬಂದ 100 ಡಾಲರಿನಲ್ಲಿ, ಹೋಟೆಲ್ ಖರ್ಚೂ ಸೇರಿ, ಸರಾಸರಿ 11 ಡಾಲರ್ ಮಾತ್ರ ಊಟಕ್ಕೆ ಹೋಗುತ್ತದೆ. ಅಂಗಡಿ ತುಂಬಾ ಹಾಲು, ಮೊಟ್ಟೆ, ಬ್ರೆಡ್ಡು. ಆದರೂ ಸಾಲು ಯಾಕೆ? ಬಾಡಿಗೆ, ಆಸ್ಪತ್ರೆ ಬಿಲ್ಲು, ಕಾರಿನ ಕಂತು ಎಲ್ಲ ಕಟ್ಟಿದ ಮೇಲೆ ಸಣ್ಣ ಸಂಬಳದವರ ಕೈಯಲ್ಲಿ ಆ 11 ಡಾಲರೂ ಉಳಿಯುವುದಿಲ್ಲ, ಅದಕ್ಕೇ.

ಮಿಶಿಗನ್ ಅಂದಿರಿ. ಅದೇ ರಾಜ್ಯದ ಫ್ಲಿಂಟ್ ಊರನ್ನೇ ತಗೊಳ್ಳಿ. 1978ರ ಸುಮಾರಿಗೆ ಜನರಲ್ ಮೋಟಾರ್ಸ್‌ನ ಕಾರ್ಖಾನೆಗಳಲ್ಲಿ ಅಲ್ಲಿ 80,000 ಜನ ದುಡಿಯುತ್ತಿದ್ದರು. ಇವತ್ತು ಅದರ ಹತ್ತರಲ್ಲೊಂದು ಪಾಲು ಉಳಿದಿದ್ದರೆ ಹೆಚ್ಚು. ಎಲ್ಲವನ್ನೂ ವ್ಯಾಪಾರದ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಯಂತ್ರಗಳು ಬಂದವು, ಜಪಾನಿನ ಕಾರು ಬಂತು, ಕಂಪನಿಯೇ ಬೇರೆ ಕಡೆ ಹೋಯಿತು. ಆದರೆ 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಆದದ್ದನ್ನು ಡೇವಿಡ್ ಆಟರ್ ಮತ್ತು ಅವರ ಸಂಗಡಿಗ ಅರ್ಥಶಾಸ್ತ್ರಜ್ಞರು ಊರೂರಿನ ಲೆಕ್ಕ ತೆಗೆದು ತೋರಿಸಿದ್ದಾರೆ. ಚೀನಾದ ಸರಕಿನಿಂದ ಹೋದ ಕೆಲಸಗಳು 20 ಲಕ್ಷದ ಆಸುಪಾಸು. ಅಗ್ಗದ ಟಿವಿ, ಚಪ್ಪಲಿ, ಮೇಜು ಇಡೀ ದೇಶಕ್ಕೆ ಸಿಕ್ಕಿತು. ನಷ್ಟ ಮಾತ್ರ ಕೆಲವೇ ಊರುಗಳ ಮೇಲೆ ಬಿತ್ತು, ಆ ಪೆಟ್ಟು ವರ್ಷಗಟ್ಟಲೆ ಮಾಯಲಿಲ್ಲ.

"ಗೆದ್ದವರ ಲಾಭದಲ್ಲಿ ಸ್ವಲ್ಪ ತೆಗೆದು ಸೋತವರಿಗೆ ಕೊಟ್ಟರಾಯಿತು" ಎನ್ನುವುದು ಅರ್ಥಶಾಸ್ತ್ರದ ಹಳೇ ಮಾತು. ಅಮೆರಿಕ ಅದಕ್ಕೇ ಅಂತ 1962ರಲ್ಲಿ ಒಂದು ಯೋಜನೆಯನ್ನೂ ಮಾಡಿತು, ಆಮದಿನಿಂದ ಕೆಲಸ ಕಳಕೊಂಡವರಿಗೆ ಭತ್ಯೆ, ಹೊಸ ಕೆಲಸದ ತರಬೇತಿ. ಅದು ಸೋತವರಲ್ಲಿ ಸಣ್ಣ ಪಾಲಿನ ಜನಕ್ಕೆ ಮಾತ್ರ ತಲುಪಿತು. 2022ರ ಜುಲೈನಲ್ಲಿ ಅವಧಿ ಮುಗಿದು ಹೊಸ ಅರ್ಜಿಗಳಿಗೂ ಬಾಗಿಲು ಮುಚ್ಚಿತು. ಜಗತ್ತಿನ ದೊಡ್ಡ ಖಜಾನೆ ಇರುವ ದೇಶವೇ ಸೋತವರಿಗೆ ಕೊಡಬೇಕಾದ್ದನ್ನು ಕೊಡಲಿಲ್ಲ. ನಮ್ಮಲ್ಲಿ ಕೊಡುತ್ತಾರೆ ಅಂತ ಯಾವ ಧೈರ್ಯದಲ್ಲಿ ನಂಬಲಿ?

ಈಗ ನಿಮ್ಮ ಮನೆಗೆ ಬರುವ ಆ ಹೆಣ್ಣುಮಗಳ ವಿಚಾರ. ಅಗ್ಗದ ಸರಕು ಬಂದರೆ ಬಡವರಿಗೆ ಅಗ್ಗವಾಗಿಯೇ ಸಿಗುತ್ತದೆ ಅಂತ ನೀವು ಹೇಳುತ್ತಿದ್ದೀರಿ. ಮೆಕ್ಸಿಕೋದಲ್ಲೂ ಇದನ್ನೇ ಹೇಳಿದ್ದರು. 1994ರ ಜನವರಿ 1ರಂದು ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ಒಪ್ಪಂದ ಜಾರಿಗೆ ಬಂತು. ಅದೇ ದಿನ ಚಿಯಾಪಾಸ್ ಪ್ರಾಂತ್ಯದ ಮೂಲನಿವಾಸಿ ರೈತರು ದಂಗೆ ಎದ್ದರು. ಜೋಳ ಅಂದರೆ ಅವರಿಗೆ ಮುಸುಕಿನ ಜೋಳ, ಅದರ ಹುಟ್ಟೂರೇ ಮೆಕ್ಸಿಕೋ. ಸರ್ಕಾರದ ಸಬ್ಸಿಡಿ ಪಡೆದ ಅಮೆರಿಕದ ಜೋಳ ಬಂದು ಬಿತ್ತು, ರೈತರಿಗೆ ಸಿಗುವ ಬೆಲೆ ಇಳಿಯಿತು. ತಿನ್ನುವವರ ರೊಟ್ಟಿ ಅಗ್ಗವಾಯಿತಾ? ಇಲ್ಲ. 1999ರಲ್ಲಿ ಸರ್ಕಾರ ಟೋರ್ಟಿಯಾ ರೊಟ್ಟಿಯ ಮೇಲಿನ ಬೆಲೆ ನಿಯಂತ್ರಣ ತೆಗೆದಿತ್ತು, ಹಿಟ್ಟಿನ ವ್ಯಾಪಾರ ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿತ್ತು. 2007ರ ಜನವರಿಯಲ್ಲಿ ರೊಟ್ಟಿ ದುಬಾರಿಯಾಯಿತು ಅಂತ ಮೆಕ್ಸಿಕೋ ನಗರದಲ್ಲಿ ಸಾವಿರಾರು ಜನ ಬೀದಿಗಿಳಿದರು. ಜೋಳ ಬಿಟ್ಟ ಎಷ್ಟೋ ರೈತರು ಗಡಿ ದಾಟಿ ಅಮೆರಿಕದ ಹೊಲಗಳಲ್ಲೇ ಕೂಲಿಗೆ ನಿಂತರು.

ಅಷ್ಟು ದೂರ ಯಾಕೆ, ನಮ್ಮ ಚಳ್ಳಕೆರೆಗೇ ಬನ್ನಿ. ಕಡಲೆಕಾಯಿ ಎಣ್ಣೆ ಗಿರಣಿಗಳಿಂದ ಹೆಸರು ಮಾಡಿದ್ದ ಊರು. 90ರ ದಶಕದ ಶುರುವಿನಲ್ಲಿ ನಮ್ಮ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚೂ ಕಮ್ಮಿ ಸ್ವಾವಲಂಬಿ ಆಗಿತ್ತು. 1994ರಿಂದ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದರು, ಈಗ ನಾವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಮಳೆ ಕೈಕೊಟ್ಟಿದ್ದೂ ಸೇರಿ ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಷ್ಟು ವರ್ಷ ಬಡವರ ಅಡುಗೆಮನೆ ನಡೆದದ್ದು ಪಾಮೋಲಿನ್‌ನಿಂದ, ಅದು ಸಣ್ಣ ಉಪಕಾರವೇನಲ್ಲ. ಆದರೆ 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ಜನಕ್ಕೆ ಎಣ್ಣೆ ಸಾಲುತ್ತಿಲ್ಲ ಅಂತ ಪಾಮ್ ಎಣ್ಣೆ ರಫ್ತನ್ನೇ ಕೆಲವು ವಾರ ನಿಲ್ಲಿಸಿತು. ಆಗ ಇಲ್ಲಿ ಮೊದಲಿನಷ್ಟು ಗಿರಣಿಗಳು ಉಳಿದಿರಲಿಲ್ಲ. ಅವರು ಹೇಳಿದ್ದೇ ರೇಟು.

ಇದೆಲ್ಲ ಹೇಳಿದ್ದಕ್ಕೆ ನಾನು ಒಪ್ಪಂದಗಳೇ ಬೇಡ ಅನ್ನುವವನು ಅಂದುಕೊಳ್ಳಬೇಡಿ. ಕೊಡಗಿನ, ಚಿಕ್ಕಮಗಳೂರಿನ ಕಾಫಿಗೆ ಹೊರಗಿನ ಮಾರುಕಟ್ಟೆಯೇ ಜೀವ. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸರ ಸಂಬಳವೂ ಹೊರಗೆ ಹೋಗುವ ಬಟ್ಟೆಯಿಂದಲೇ ಬರಬೇಕು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ನಮ್ಮ ಬಟ್ಟೆಯ ಸುಂಕ ತೆಗೆಯಲು ಅವರು ಒಪ್ಪಿದರು, ನಾವು ಹಾಲನ್ನು ಹೊರಗಿಟ್ಟೆವು. ಅದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ.

ಗೆಲ್ಲುವವರು, ಸೋಲುವವರು ಇಬ್ಬರೂ ನಮ್ಮ ಪಕ್ಕದಲ್ಲೇ ಇದ್ದಾರೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ ನೋಡಿ. ಹುಳು ನಾಲ್ಕು ಜ್ವರ (ಪೊರೆ ಕಳಚುವುದಕ್ಕೆ ರೈತರು ಹಾಗನ್ನುತ್ತಾರೆ) ದಾಟಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆ ಹತ್ತಿ ಗೂಡು ಕಟ್ಟುವ ತನಕ ಸುಮಾರು ಒಂದು ತಿಂಗಳು ಮನೆಮಂದಿಗೆಲ್ಲ ನಿದ್ದೆ ಇಲ್ಲ. ಗೂಡು ಬಿಡಿಸಿದ ಮೇಲೆ ಕಾಯುವ ಹಾಗೂ ಇಲ್ಲ, ಕೆಲವೇ ದಿನದಲ್ಲಿ ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ಹಾಳು. ಹಾಗಾಗಿ ಆವತ್ತು ಹರಾಜಿನಲ್ಲಿ ಬಂದ ಬೆಲೆಗೆ ಕೊಟ್ಟು ಬರಬೇಕು, ಸಾಕಾಗಲಿಲ್ಲ ಅಂತ ಚೀಲ ಕಟ್ಟಿಕೊಂಡು ವಾಪಸ್ ಹೋಗಲಾಗದು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾದ ರೇಷ್ಮೆ ಸುರಿಯಿತು, ಗೂಡಿನ ಬೆಲೆ ನೆಲ ಕಚ್ಚಿತು. ಕೆಲವರು ಹಿಪ್ಪುನೇರಳೆ ಗಿಡವನ್ನೇ ಕಿತ್ತರು. ಅದೇ ಹೊತ್ತಿಗೆ ದೊಡ್ಡಬಳ್ಳಾಪುರದ ಮಗ್ಗದವರಿಗೆ ನೂಲು ಕೈಗೆಟುಕಿತು. ಅವರೂ ಬಡವರೇ, ಅವರದ್ದೂ ನ್ಯಾಯವೇ. ಯಾರ ಪರ ನಿಲ್ಲುವುದು ಅಂತ ಕೇಳಿದರೆ ಸುಲಭದ ಉತ್ತರ ನನ್ನಲ್ಲಿಲ್ಲ.

ಆದರೆ ಒಂದು ವಿಷಯ ಗಮನಿಸಿ. ರೇಷ್ಮೆ ಸುಂಕ ಇಳಿದದ್ದು ಬಜೆಟ್ಟಿನಲ್ಲಿ. ರೈತರು ಗಲಾಟೆ ಮಾಡಿದರು, 2013ರ ಬಜೆಟ್ಟಿನಲ್ಲಿ ಅದನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಅದೇ ಸುಂಕ ಒಪ್ಪಂದದಲ್ಲಿ ಬರೆದಿದ್ದರೆ ಏರಿಸುವ ಹಾಗಿರಲಿಲ್ಲ. ಕಾಳುಮೆಣಸಿನಲ್ಲಿ ಆದದ್ದು ಇದೇ. ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸೇ ಶ್ರೀಲಂಕಾದ ಕಾಗದ ತೋರಿಸಿ ಬರುತ್ತಿದೆ ಅಂತ ಸಕಲೇಶಪುರ, ಕೊಡಗಿನ ಬೆಳೆಗಾರರು ದೂರಿದರು. ಸುಂಕ ಮುಟ್ಟುವಂತಿಲ್ಲ. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ಆಮದಾಗಬಾರದು ಅಂತ ಇನ್ನೊಂದು ಬಾಗಿಲಿಂದ ತಡೆ ಹಾಕಬೇಕಾಯಿತು.

ಹಾಲಿಗೆ ಇದನ್ನು ಹೊಂದಿಸಿ ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಟೊಮೆಟೊ ಒಂದು ಸಲ ಕೈ ಹಿಡಿದರೆ ಇನ್ನೊಂದು ಸಲ ರಸ್ತೆಗೆ ಸುರಿಯಬೇಕು. ತಪ್ಪದೆ ಬರುವ ದುಡ್ಡು ಅಂದರೆ ಡೇರಿಯ ಬಟವಾಡೆ ಒಂದೇ. ಬೆಳಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಡೇರಿ ಮುಂದೆ ನಿಂತು, ಫ್ಯಾಟ್ ಎಷ್ಟು ಬಂತು ಅಂತ ನೋಡಿಕೊಂಡೇ ಮನೆಗೆ ಹೋಗುವುದು. ಇಂಥ ಮನೆಗಳ ಹಾಲೇ ಸೇರಿ 2024ರಲ್ಲಿ ಕೆಎಂಎಫ್‌ನ ದಿನದ ಶೇಖರಣೆ 1 ಕೋಟಿ ಲೀಟರ್ ಮುಟ್ಟಿತು. ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲು ಹೊರಗೆ ಮಾರಲೆಂದೇ ಕರೆಯುತ್ತದೆ. ಅವರ ಹಾಲಿನ ಪುಡಿ ಸುಂಕವಿಲ್ಲದೆ ಬಂದು ಡೇರಿಯ ದರ ಲೀಟರಿಗೆ ನಾಲ್ಕೈದು ರೂಪಾಯಿ ಇಳಿದರೂ ಎರಡು ಹಸುವಿನ ಮನೆ ಹಸು ಮಾರುತ್ತದೆ. ಮಾರಿದ ಹಸುವನ್ನು ಮತ್ತೆ ಕೊಳ್ಳುವುದು ಸುಲಭವಲ್ಲ. ಈ ಭಯದಿಂದಲೇ 2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ದೇಶ ಆರ್‌ಸಿಇಪಿಯಿಂದ (ನ್ಯೂಜಿಲೆಂಡೂ ಇದ್ದ, ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ) ಎದ್ದು ಬಂದದ್ದಕ್ಕೆ ಇಲ್ಲಿನ ಹಾಲು ಉತ್ಪಾದಕರು ನಿಟ್ಟುಸಿರು ಬಿಟ್ಟರು.

ಆ ಮನೆಯ ಹೆಂಗಸು ಹಸು ಮಾರಿದ ಮೇಲೆ ಎಲ್ಲಿಗೆ ಬರುತ್ತಾರೆ? ಬೆಂಗಳೂರಿಗೇ, ನಿಮ್ಮ ಬಡಾವಣೆಗೇ, ಈಗ ನಿಮ್ಮ ಮನೆಗೆ ಬರುವಾಕೆಯ ಕೆಲಸವನ್ನೇ ಇನ್ನೂ ಕಮ್ಮಿ ಸಂಬಳಕ್ಕೆ ಕೇಳುತ್ತಾ. ಅರ್ಧ ಲೀಟರಿಗೆ ಎರಡು ರೂಪಾಯಿ ಉಳಿದರೂ ಆಕೆಗೆ ತಿಂಗಳಿಗೆ ಅರವತ್ತು ರೂಪಾಯಿ. ಸಂಬಳದಲ್ಲಿ ಐನೂರು ಕಳಕೊಂಡರೆ ಲೆಕ್ಕ ಎಲ್ಲಿ ಸರಿಹೋಯಿತು? ನಿಜವಾಗಿ ಆಕೆಗೆ ಹಾಲು ಕೈಗೆಟುಕಬೇಕು ಅಂದರೆ ಸಂಬಳ ಜಾಸ್ತಿಯಾಗಬೇಕು, ಇಲ್ಲ ಸರ್ಕಾರ ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಥರ ನೇರವಾಗಿ ಕೊಡಬೇಕು.

"ತಲೆ ಕೆಡಿಸಿಕೊಂಡು ಏನು ಬಂತು" ಅಂದಿರಲ್ಲ. ಒಪ್ಪಂದಕ್ಕೆ ಸಹಿ ಹಾಕಲು ಕೇಂದ್ರ ಸರ್ಕಾರಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಕೃಷಿ ರಾಜ್ಯದ ವಿಷಯ, ಆದರೂ ವಿಧಾನಸಭೆಯ ಮುಂದೆ ಕರಡು ಬರಬೇಕೆಂಬ ನಿಯಮವಿಲ್ಲ. 1993ರಲ್ಲಿ ಡಂಕೆಲ್ ಪ್ರಸ್ತಾವದ (ವಿಶ್ವ ವ್ಯಾಪಾರ ಸಂಸ್ಥೆಗೆ ದಾರಿ ಮಾಡಿದ ಒಪ್ಪಂದದ ಕರಡು) ವಿರುದ್ಧ ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿ ಅವರ ಕರೆಗೆ ಹಸಿರು ಶಾಲು ಹೊದ್ದ ಲಕ್ಷಾಂತರ ರೈತರು ಇದೇ ಬೆಂಗಳೂರಿಗೆ ಬಂದಾಗಲೂ ಕೇಳಿದ್ದು ನಮ್ಮನ್ನು ಕೇಳದೆ ಯಾಕೆ ಅಂತಲೇ. ಯಾವ ಬೆಳೆಯ ಸುಂಕ ಎಷ್ಟು ವರ್ಷದಲ್ಲಿ ಎಷ್ಟಕ್ಕಿಳಿಯುತ್ತದೆ, ಸೋಲುವವರಿಗೆ ಏನು, ಯಾವಾಗ ಕೊಡುತ್ತಾರೆ ಎಂಬುದನ್ನು ಸಹಿಗೆ ಮುಂಚೆ ಕನ್ನಡದಲ್ಲಿ ಅಚ್ಚು ಹಾಕಿ ಜನರ ಮುಂದಿಡಲಿ. ನಿಮ್ಮ ಸಂಸದರಿಗೆ ಒಂದು ಪತ್ರ ಬರೆದು ಇದನ್ನು ಕೇಳಿ. ದೊಡ್ಡಬಳ್ಳಾಪುರದ ನೇಕಾರರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಕಡೆಯ ಮಾತನ್ನೂ ನಮಗೆ ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.